ಬಿಚ್ಚಬೇಕು, ಆದ್ರೆ ನಾನು ಬಿಚ್ಚಿದ ಹಾಗಲ್ಲ

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಸೀನಿಯರ್ಸ್ ಬೈಕೋಬೇಡಿ.

ವಿಷಯ ನಮ್ಮ ಮಾವನ ಕಾರು. ಮಾವ ಚಳ್ಳಕೆರೆಯಲ್ಲಿ ಕಂಬಳಿ ವ್ಯಾಪಾರ ಮಾಡ್ತಾರೆ. ಎರಡು ವರ್ಷದ ಹಿಂದೆ ಬೆಂಗಳೂರಿಂದ ಒಂದು ಹಳೇ ಹೈಬ್ರಿಡ್ ಸೆಡಾನ್ ತಂದರು. ಮೈಲೇಜ್ ಚೆನ್ನಾಗಿದೆ, ಎಸಿ ತಣ್ಣಗಿದೆ ಅಂತ ಊರೆಲ್ಲ ಹೇಳ್ಕೊಂಡು ಬಂದ್ರು. ಕಳೆದ ಬೇಸಿಗೆಯಲ್ಲಿ ಮೊಳಕಾಲ್ಮುರಿಗೆ ಅಜ್ಜಿಯನ್ನ ನೋಡೋಕೆ ಹೊರಟಾಗ ತಳಕಿನ ಹತ್ತಿರ ಟೀಗೆ ನಿಲ್ಲಿಸಿದೆವು. ವಾಪಸ್ ಬಂದು ಬಟನ್ ಒತ್ತಿದ್ರೆ ಡ್ಯಾಶ್‌ಬೋರ್ಡ್ ಮೇಲೆ ಎಲ್ಲಾ ಲೈಟೂ ಒಟ್ಟಿಗೆ ಹತ್ತಿಕೊಂಡವು. ಗಾಡಿ ಸ್ಟಾರ್ಟ್ ಆಗಲಿಲ್ಲ. ಪಾಪ, ನಾಲ್ಕು ಜನ ಬಂದು ತಳ್ಳಿದ್ರು. ಈ ಕಾರಿನಲ್ಲಿ ಬೇರೆ ಸ್ಟಾರ್ಟರ್ ಮೋಟಾರೇ ಇಲ್ಲ, ಎಂಜಿನ್ ತಿರುಗಿಸೋದು ಆ ದೊಡ್ಡ ಬ್ಯಾಟರಿಯೇ, ತಳ್ಳಿ ಪ್ರಯೋಜನವಿಲ್ಲ ಅನ್ನೋದು ಆಗ ನನಗೂ ಗೊತ್ತಿರಲಿಲ್ಲ. ಎಲೆಕ್ಟ್ರಿಕಲ್ ಬ್ರಾಂಚ್ ಬೇರೆ!

ಸರ್ವೀಸ್ ಸೆಂಟರಿನವರು ಸ್ಕ್ಯಾನರ್ ಹಾಕಿ ಪಿ0ಎ80 ಅಂತ ಕೋಡ್ ತೋರಿಸಿದ್ರು. ಅರ್ಥ ಇಷ್ಟೇ, ಹೈಬ್ರಿಡ್ ಬ್ಯಾಟರಿ ಬದಲಿಸಿ. ಹೇಳಿದ ರೇಟು ಮಾವ ಕಾರಿಗೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ. ಮಾವ ನನ್ನ ಮುಖ ನೋಡಿದ್ರು. "ಅಷ್ಟು ಫೀಸ್ ಕಟ್ಟಿ ಇಂಜಿನಿಯರಿಂಗ್ ಓದ್ತೀಯ, ನಿನ್ ಕೈಲಾಗಲ್ವೇನೋ?"

ಇಲ್ಲಿಂದ ಶುರು ನನ್ನ ಪ್ರತಾಪ.

ಒಳಗೆ ಏನಿರುತ್ತೆ ಹೇಳ್ತೀನಿ. 1997ರಲ್ಲಿ ಜಪಾನಿನಲ್ಲಿ ಬಂದ ಪ್ರಿಯಸ್‌ನಿಂದ ಹಿಡಿದು ಇವತ್ತು ಬಿಡದಿಯಲ್ಲಿ ತಯಾರಾಗೋ ಇನ್ನೋವಾ ಹೈಕ್ರಾಸ್‌ವರೆಗೂ ಟೊಯೋಟಾದ ಎಷ್ಟೋ ಹೈಬ್ರಿಡ್‌ಗಳಲ್ಲಿ ಇರೋದು ನಿಕ್ಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಒಂದು ಸೆಲ್ ಅಂದ್ರೆ 1.2 ವೋಲ್ಟ್. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಆರು ಸೆಲ್ ಸೇರಿ 7.2 ವೋಲ್ಟಿನ ಒಂದು ಮಾಡ್ಯೂಲ್, ಅಂಥ 28 ಮಾಡ್ಯೂಲ್ ಸೀರೀಸ್‌ನಲ್ಲಿ, ಒಟ್ಟು 201.6 ವೋಲ್ಟ್. ಮಾವನ ಕಾರಿನದೂ ಇದೇ ಜಾತಿ. ಸೀರೀಸ್ ಆದ್ದರಿಂದ ಒಂದು ಮಾಡ್ಯೂಲ್ ಸತ್ತರೆ ಇಡೀ ಪ್ಯಾಕ್ ಸತ್ತ ಹಾಗೆ, ಮಿಕ್ಕವೆಲ್ಲ ಬದುಕಿದ್ದರೂ. ಹಾಗಾದ್ರೆ ಸತ್ತದ್ದನ್ನ ಮಾತ್ರ ತೆಗೆದು ಬೇರೆ ಹಾಕಿದ್ರೆ ಸಾಕಲ್ಲ? ವಿಡಿಯೋಗಳಲ್ಲೂ ಹಾಗೇ ಹೇಳ್ತಾರೆ. ಅರ್ಧ ನಿಜ.

12 ವೋಲ್ಟಿನ ಚಿಕ್ಕ ಬ್ಯಾಟರಿ ಬಿಚ್ಚಿದೆ. ಕಿತ್ತಳೆ ಬಣ್ಣದ ಸರ್ವೀಸ್ ಪ್ಲಗ್ ಕಿತ್ತೆ. ಇನ್ವರ್ಟರ್ ಕೆಪಾಸಿಟರ್ ಖಾಲಿಯಾಗಲಿ ಅಂತ ಹತ್ತು ನಿಮಿಷ ಕಾದೆ. ಇನ್ನು ಕರೆಂಟ್ ಇಲ್ಲ ಅಂದುಕೊಂಡು ಮನೇಲಿದ್ದ ಮಾಮೂಲಿ ಸ್ಪ್ಯಾನರ್ ಹಿಡಿದು ಕೂತೆ. ಪ್ಲಗ್ ಕಿತ್ತರೆ ಆಗೋದು ಸರಣಿ ಎರಡು ತುಂಡಾಗೋದು ಅಷ್ಟೇ. ಒಂದೊಂದು ತುಂಡಿನಲ್ಲೂ ನೂರರ ಆಸುಪಾಸು ವೋಲ್ಟ್ ಹಾಗೇ ಕೂತಿರುತ್ತೆ. ಬ್ಯಾಟರಿಗೆ ಸ್ವಿಚ್ ಆಫ್ ಅನ್ನೋದೇ ಇಲ್ಲ. ಮೂರನೇ ನಟ್ಟಿಗೆ ಸ್ಪ್ಯಾನರ್ ಜಾರಿ ಪಕ್ಕದ ಬಸ್‌ಬಾರ್‌ಗೆ ತಗುಲಿತು. ಢಮ್ ಅಂತ ಕಿಡಿ. ಸ್ಪ್ಯಾನರ್ ತುದಿ ಕರಗಿ ಕಪ್ಪಾಗಿತ್ತು. ಅದು ಎರಡೇ ಮಾಡ್ಯೂಲಿನ ಶಾರ್ಟ್, ಹದಿನಾಲ್ಕು ಚಿಲ್ಲರೆ ವೋಲ್ಟ್. ನನ್ನ ಎರಡು ಕೈ ಆ ತುಂಡಿನ ಎರಡು ತುದಿ ಮೇಲಿದ್ದಿದ್ರೆ ಈ ಲೇಖನ ಬರೀತಿರಲಿಲ್ಲ. ಮನೆಯ ವೈರಿಂಗ್‌ನಲ್ಲಿ ಆರ್‌ಸಿಸಿಬಿ ಇರುತ್ತೆ, ನಿಮ್ಮ ಮೂಲಕ ಕರೆಂಟ್ ಭೂಮಿಗೆ ಹರಿದ ತಕ್ಷಣ ಟ್ರಿಪ್ ಆಗುತ್ತೆ. ಈ ಪ್ಯಾಕ್‌ಗೆ ಭೂಮಿ ಜೊತೆ ಸಂಬಂಧವೇ ಇಲ್ಲ, ಕಾಪಾಡೋಕೆ ಯಾರೂ ಇಲ್ಲ. ಇದನ್ನ ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ.

ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಅವರು ಈ ಪತ್ರಿಕೆ ಓದಲ್ಲ ಅನ್ನೋ ಧೈರ್ಯ.

ಆಮೇಲೆ ಮಾವ ಪರಿಚಯದ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ನ ಕರ್ಕೊಂಡು ಬಂದ್ರು. ಟ್ರ್ಯಾಕ್ಟರ್, ಲಾರಿ ಡೈನಮೋ ರಿಪೇರಿ ಮಾಡೋರು, ಹೈಬ್ರಿಡ್ ನೋಡಿದ್ದು ಅದೇ ಮೊದಲು. ಸ್ಪ್ಯಾನರ್‌ಗಳಿಗೆಲ್ಲ ಮೊದಲು ಟೇಪ್ ಸುತ್ತಿದ್ರು, ಕೈಯ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡ್ರು. ನಾನು ಮಲ್ಟಿಮೀಟರ್ ಇಟ್ಟು ನೋಡಿದ್ರೆ ಎಲ್ಲಾ ಮಾಡ್ಯೂಲ್ 7.9ರ ಹತ್ತಿರ, ಒಂದು ಮಾತ್ರ 6.6. ಅಂದ್ರೆ ಒಂದು ಸೆಲ್ ಹೋಗಿದೆ, ಲೆಕ್ಕ ಸರಿಹೋಯ್ತು. ನಾನು ಖುಷಿಯಾಗಿ ಎದ್ದೆ. ಅವರು ಏಳಲಿಲ್ಲ. "ಸುಮ್ನೆ ಕೂತಾಗ ಎಲ್ಲಾ ಎತ್ತೂ ಗಟ್ಟಿನೇ, ಹೇರು ಹೇರಿ ನೋಡು" ಅಂತ ಒಂದು ಹಳೇ ಹೆಡ್‌ಲೈಟ್ ಬಲ್ಬ್‌ನ ಪ್ರತಿ ಮಾಡ್ಯೂಲಿಗೂ ಎರಡೆರಡು ನಿಮಿಷ ಹಚ್ಚಿಸಿದ್ರು. 7.8 ತೋರಿಸ್ತಿದ್ದ ಇನ್ನೊಂದು ಮಾಡ್ಯೂಲ್ ಸರ್ ಅಂತ ಐದಕ್ಕೆ ಇಳೀತು. ಲೋಡ್ ಟೆಸ್ಟ್ ಅನ್ನೋ ಪದ ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಕೊನೆಗೆ ಕೂಲಿಂಗ್ ಫ್ಯಾನ್ ಬಿಚ್ಚಿದಾಗ ನಿಜವಾದ ಕಾರಣ ಸಿಕ್ಕಿತು. ಹಿಂದಿನ ಸೀಟಿನ ಪಕ್ಕ ಒಂದು ಜಾಲರಿ ಇರುತ್ತಲ್ಲ, ಅಲ್ಲಿಂದ ಕ್ಯಾಬಿನ್ ಗಾಳಿ ಎಳೆದು ಬ್ಯಾಟರಿ ತಣ್ಣಗಿಡ್ತದೆ. ಮಾವ ಎರಡು ವರ್ಷ ಹಿಂದಿನ ಸೀಟಿನಲ್ಲಿ ಕಂಬಳಿ ಹೇರಿದ್ರು. ಫ್ಯಾನ್ ತುಂಬ ಕುರಿ ಉಣ್ಣೆ, ಮೇಲೆ ನಮ್ಮೂರ ಕೆಂಪು ಧೂಳು. ಬ್ಯಾಟರಿಗೆ ಚಳ್ಳಕೆರೆ ಬಿಸಿಲಲ್ಲಿ ಕಂಬಳಿ ಹೊದಿಸಿದ ಹಾಗೆ. ಕ್ಲೀನ್ ಮಾಡೋಕೆ ಬೇಕಿದ್ದದ್ದು ಒಂದು ಬ್ರಷ್, ಹತ್ತು ನಿಮಿಷ, ಶಾಕ್ ಭಯ ಇಲ್ಲ. ಇದನ್ನ ಮಾವನಿಗೆ ಯಾರೂ ಹೇಳಿರಲಿಲ್ಲ.

ಇದರಿಂದ ನನಗೆ ಅನಿಸಿದ್ದು ಹೇಳ್ತೀನಿ. ಮನೆಯಲ್ಲಿ ಮುಟ್ಟಲೇಬೇಡಿ ಅನ್ನೋದು ಸುಲಭದ ಮಾತು, ನಡೆಯಲ್ಲ. ಅಷ್ಟು ದುಡ್ಡು ಇಲ್ಲದವನು ಮುಟ್ಟೇ ಮುಟ್ತಾನೆ. ಹೈಕ್ರಾಸ್ ಬಂದದ್ದು 2022ರ ಕೊನೆಗೆ, ಹೈಬ್ರಿಡ್ ಬ್ಯಾಟರಿಗೆ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇರೋವರೆಗೆ ದಯವಿಟ್ಟು ಕೈ ಹಾಕಬೇಡಿ. 2030 ಆದಮೇಲೆ ಅವೆಲ್ಲ ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ತಾಲ್ಲೂಕುಗಳಿಗೇ ಬರೋದು. ಆಗ ಬಿಚ್ಚೋರು ಯಾರು? ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆದಾಗ ಅದರಲ್ಲಿ ವಾಹನಗಳೂ ಇದ್ದವು. ಮ್ಯಾನ್ಯುಯಲ್ ಸಿಗೋದು ಒಳ್ಳೇದೇ, ಆದ್ರೆ ಅದರಿಂದ ಸ್ಪ್ಯಾನರ್ ಜಾರೋದು ನಿಲ್ಲಲ್ಲ.

ನಮ್ಮ ಕಾಲೇಜಿನ ಮಷೀನ್ಸ್ ಲ್ಯಾಬ್‌ನಲ್ಲಿ ಡಿಸಿ ಶಂಟ್ ಮೋಟಾರ್ ಇದೆ, ವರ್ಷಕ್ಕೆ ಇನ್ನೂರು ಜನ ಅದೇ ರೀಡಿಂಗ್ ಬರೀತೀವಿ (ಕೆಲವರು ಕಾಪಿ ಮಾಡ್ತೀವಿ). ಅದರ ಪಕ್ಕ ಒಂದು ಸತ್ತ ಹೈಬ್ರಿಡ್ ಪ್ಯಾಕ್ ತಂದಿಡಿ. 1000 ವೋಲ್ಟ್ ರೇಟಿಂಗಿನ ಕ್ಲಾಸ್ ಝೀರೋ ಗ್ಲೌಸ್ ನಾಲ್ಕು ಜೊತೆ, ಇನ್ಸುಲೇಟೆಡ್ ಟೂಲ್ಸ್ ಒಂದು ಸೆಟ್. ಶನಿವಾರ ಊರಿನ ಮೆಕ್ಯಾನಿಕ್‌ಗಳನ್ನೂ ಕರೀರಿ. ಅವರಿಗೆ ನಾವು ಥಿಯರಿ ಹೇಳೋಣ, ಅವರು ನಮಗೆ ಬಲ್ಬ್ ಹಚ್ಚೋದು ಕಲಿಸಲಿ. 2023ರ ಏಪ್ರಿಲ್ 2ರಂದು ಇಸ್ರೋ ಹೆಲಿಕಾಪ್ಟರ್‌ನಿಂದ 4.5 ಕಿ.ಮೀ. ಎತ್ತರದಲ್ಲಿ ಬಿಟ್ಟ ರೆಕ್ಕೆಯ ವಾಹನ ತಾನಾಗೇ ರನ್‌ವೇಗೆ ಇಳಿದದ್ದು ನಮ್ಮ ಚಳ್ಳಕೆರೆ ಹತ್ತಿರವೇ. ಅದೇ ಚಳ್ಳಕೆರೆ ಪೇಟೆಯಲ್ಲಿ ನಾನು ಒಂದು ದಿನ ಪೂರ್ತಿ ಸುತ್ತಿದರೂ ಒಂದು ಜೊತೆ ಗ್ಲೌಸ್ ಸಿಗಲಿಲ್ಲ.

ಇನ್ನೊಂದು ಮಾತು, ಇದೆಲ್ಲ ನಿಕ್ಕಲ್ ಪ್ಯಾಕಿಗೆ. ಗ್ರ್ಯಾಂಡ್ ವಿಟಾರಾ ಹೈಬ್ರಿಡ್ ತರಹದವುಗಳಲ್ಲಿ ಲಿಥಿಯಂ ಇದೆ. ಅದು ಬೆಂಕಿ ಹತ್ತಿದರೆ ಆರಿಸೋಕೆ ಬಹಳ ಕಷ್ಟ, ಅದನ್ನ ಕಲಿಯದೆ ಬಿಚ್ಚೋ ಮಾತೇ ಬೇಡ.

ನಾವು ಎರಡು ಹಳೇ ಮಾಡ್ಯೂಲ್ ತರಿಸಿ, ಎಲ್ಲವನ್ನೂ ಒಂದು ರಾತ್ರಿ ಪ್ಯಾರಲಲ್‌ನಲ್ಲಿಟ್ಟು ಸಮ ಮಾಡಿ, ಜೋಡಿಸಿದೆವು. ಕಾರು ಓಡಿತು. ಮಾವ ನನ್ನನ್ನ ಮೊಳಕಾಲ್ಮುರಿಗೆ ಕರ್ಕೊಂಡು ಹೋಗಿ ಅಜ್ಜಿ ಮುಂದೆ ಹೊಗಳಿದ್ದೇ ಹೊಗಳಿದ್ದು. ಹೋದ ವಾರ ಫೋನ್ ಮಾಡಿದ್ರು, ಲೈಟ್ ಮತ್ತೆ ಬಂದಿದೆಯಂತೆ. ಬರೋದೇ ಸರಿ, ಮಿಕ್ಕ ಮಾಡ್ಯೂಲ್‌ಗಳಿಗೂ ಅಷ್ಟೇ ವಯಸ್ಸು, ಅಷ್ಟೇ ಬಿಸಿ ತಿಂದಿವೆ. ಈ ಸಲ ಪೂರ್ತಿ ಪ್ಯಾಕೇ ಬದಲಿಸಿ ಅಂತ ಹೇಳಿದ್ದೀನಿ, ದುಡ್ಡು ಹೊಂದಿಸ್ತಿದ್ದಾರೆ. ಗ್ಲೌಸ್ ನಾನು ಬೆಂಗಳೂರಿಂದ ಆರ್ಡರ್ ಮಾಡಿದ್ದೀನಿ, ಎರಡು ಜೊತೆ. ಒಂದು ಆ ಎಲೆಕ್ಟ್ರಿಷಿಯನ್‌ಗೆ.