ಒಂದೇ ಫೋನು, ಬೇರೆ ಬೇರೆ ಖಾತೆ

ದಾವಣಗೆರೆ, ಹರಿಹರಗಳ ಭಕ್ತರ ಮನೆಗಳಲ್ಲಿ ನಾವು ಕಾಣುವುದೊಂದುಂಟು: ತಂದೆಯ ವ್ಯವಹಾರಕ್ಕೂ ಮಗಳ ಓದಿಗೂ ಒಂದೇ ಸ್ಮಾರ್ಟ್‌ಫೋನು. ಮಗಳು ಗೆಳತಿಗೆ ಬರೆದುದು ತಂದೆಯ ಕಣ್ಣಿಗೆ ಬೀಳುತ್ತದೆ. ಕಿರಿಯ ಮಗುವಿನ ಬೆರಳು ಬ್ಯಾಂಕಿನ ಲೆಕ್ಕಕ್ಕೆ ತಗಲುತ್ತದೆ. ಅಲ್ಲಿಂದ ಸಂಶಯ, ಮುನಿಸು.

ಪರಿಹಾರವು ಯಂತ್ರದೊಳಗೇ ಇದೆ. 2014ರ ಆಂಡ್ರಾಯ್ಡ್ 5ರಿಂದೀಚೆಗೆ ಅನೇಕ ಫೋನುಗಳಲ್ಲಿ, ಎಲ್ಲವುಗಳಲ್ಲಿ ಅಲ್ಲ, ಒಬ್ಬೊಬ್ಬರಿಗೆ ಒಂದೊಂದು ಖಾತೆ ತೆರೆಯಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಬಳಕೆದಾರರು’ ಎಂಬಲ್ಲಿ ಹೆಸರು ಸೇರಿಸಬೇಕು. ಬಳಿಕ ಪರದೆಯ ಮೇಲಂಚಿನಿಂದ ಎರಡು ಬೆರಳುಗಳಲ್ಲಿ ಕೆಳಗೆಳೆದು, ಬಳಕೆದಾರರ ಚಿಹ್ನೆಯನ್ನೂ ಬೇಕಾದವರ ಹೆಸರನ್ನೂ ಒತ್ತಿದರೆ ಖಾತೆ ಬದಲಾಗುವುದು. ಅವರವರ ಚಿತ್ರ, ಪತ್ರಗಳು ಅವರವರಲ್ಲೇ ಉಳಿಯುವುವು. ಪ್ರತಿ ಖಾತೆಗೂ ಬೇರೆ ಪಿನ್ ಇರಲಿ. ಖಾತೆಯನ್ನು ಅಳಿಸಿದರೆ ಅದರೊಳಗಿನದೆಲ್ಲ ಅಳಿಯುವುದೆಂಬ ಎಚ್ಚರವೂ ಇರಲಿ.

ಹರಿಹರೇಶ್ವರನ ಒಂದೇ ಮೂರ್ತಿಯಲ್ಲಿ ಹರಿಯೂ ಹರನೂ ಇದ್ದಾರೆ. ಅವರವರ ಲಾಂಛನ ಅವರವರಿಗೇ ಇದೆ. ನಮ್ಮ ಮನೆಗಳಲ್ಲಿಯೂ ತಂದೆಗೆ ತಂದೆಯ ಇಷ್ಟಲಿಂಗ, ಮಗಳಿಗೆ ಮಗಳದು. ಅಂಗೈಯ ಲಿಂಗದಲ್ಲಿ ಮಗಳ ಸ್ವಾತಂತ್ರ್ಯವನ್ನು ಒಪ್ಪಿದ ಧರ್ಮದವರಾದ ನಾವು ಅಂಗೈಯ ಫೋನಿನಲ್ಲಿ ಅದನ್ನು ಕಸಿಯಲಾಗದು. ಮಕ್ಕಳೂ ನೆನೆಯಬೇಕು: ಖಾತೆ ಬೇರೆಯಾದರೂ ಅಂತಃಸಾಕ್ಷಿಗೆ ಮರೆಯಿಲ್ಲ. ನಂಬಿಕೆಯು ಇಬ್ಬರ ಕಡೆಯಿಂದಲೂ ನಡೆದುಬರಲಿ.