ಆಂಪ್ಲಿಫೈಯರ್ ಬಿಸಿಯಾದರೆ ದೊಡ್ಡದು ಕೊಳ್ಳಬೇಕೇ?

ಕಾರಿನ ಡಿಕ್ಕಿಯಲ್ಲಿ ಕೂರಿಸಿದ ಆಂಪ್ಲಿಫೈಯರ್ ಬಿಸಿಯಾಗಿ ನಡುದಾರಿಯಲ್ಲಿ ಬಂದ್ ಆದರೆ ಡೆಕೋರ್ ಅಂಗಡಿಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಇದು ನಿಮ್ಮ ವೂಫರ್‌ಗೆ ಸಣ್ಣದಾಯ್ತು, ದೊಡ್ಡದು ಹಾಕ್ಸಿ." ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬಿಸಿಗೆ ಕಾರಣ ಹೆಚ್ಚಿನ ಸಲ ಆಂಪ್‌ನ ಹೊರಗೇ ಇರುತ್ತದೆ. ಬ್ಯಾಟರಿಯಿಂದ ಬರುವ ವೈರ್, ಬಾಡಿಗೆ ಕೊಟ್ಟ ಅರ್ಥಿಂಗ್, ವೂಫರ್ ಜೋಡಿಸಿದ ರೀತಿ, ಗೇನ್ ತಿರುಪು, ಗಾಳಿ. ಇವನ್ನು ನೋಡದೆ ದೊಡ್ಡ ಆಂಪ್ ತಂದು ಅದೇ ವೈರಿಗೆ ಸಿಕ್ಕಿಸಿದರೆ ಅದು ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ. ಅಂದರೆ ದುಡ್ಡು ಕೊಟ್ಟು ಬೆಂಕಿಯನ್ನು ಇನ್ನಷ್ಟು ಹತ್ತಿರಕ್ಕೆ ಕರೆದ ಹಾಗೆ.

ಇದು ವಿಜ್ಞಾನ ವಿಭಾಗದವರ ವಿಷಯ, ಕಾಮರ್ಸ್‌ನವರಿಗೆ ಏಕೆ ಎಂದು ಕೇಳಬಹುದು. ವೋಲ್ಟ್, ಆಂಪಿಯರ್, ಓಮ್ ಮೂರನ್ನೂ ನಾವೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ ಓದಿಯೇ ಪಾಸಾಗಿದ್ದೇವೆ. ನಮ್ಮ ಅಣ್ಣಂದಿರಲ್ಲಿ ಕೆಲವರು ಬಾಡಿಗೆ ಕಾರು ಓಡಿಸುತ್ತಾರೆ, ಕೆಲವರು ಇದೇ ಡೆಕೋರ್ ಅಂಗಡಿಗಳಲ್ಲಿ ಕೆಲಸ ಮಾಡುತ್ತಾರೆ. ಹಾಡು ಕೇಳುವುದು ಸರಿಯೋ ತಪ್ಪೋ ಎಂಬ ಚರ್ಚೆ ಮನೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಅದನ್ನು ಹೇಳಬೇಕಾದವರು ಉಲೇಮಾಗಳು, ನಾನಲ್ಲ. ನಾತ್ ಹಾಕಿದರೂ ಬಯಾನ್ ಹಾಕಿದರೂ ವೈರಿನಲ್ಲಿ ಹರಿಯುವುದು ಅದೇ ಕರೆಂಟ್.

ನಾನು ಹತ್ತಿರದಿಂದ ನೋಡಿದ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ದೊಡ್ಡಪ್ಪನ ಮಗ, ನಾವು ಭಾಯಿಜಾನ್ ಅನ್ನುವವರು, ಟೂರಿಸ್ಟ್ ಕಾರು ಇಟ್ಟುಕೊಂಡಿದ್ದಾರೆ. ಕಂತು ಇನ್ನೂ ಮುಗಿದಿಲ್ಲ. ಕಾರಿನಲ್ಲಿ ಒಳ್ಳೆಯ ಸಿಸ್ಟಮ್ ಇದ್ದರೆ ಮದುವೆ ಬಾಡಿಗೆ ಹೆಚ್ಚು ಸಿಗುತ್ತದೆ ಎಂದು 12 ಇಂಚಿನ ವೂಫರ್, ಎರಡು ಚಾನೆಲ್ಲಿನ ಒಂದು ಆಂಪ್ ಹಾಕಿಸಿದರು. ಕಲಬುರಗಿಯ ಖ್ವಾಜಾ ಬಂದೇ ನವಾಜ್ ದರ್ಗಾಕ್ಕೆ ಜನರನ್ನು ಕರೆದೊಯ್ಯುವಾಗ ಹಿರಿಯೂರು ದಾಟುವಷ್ಟರಲ್ಲಿ ಕವ್ವಾಲಿ ನಿಂತಿತು, ಆಂಪ್‌ನ ಕೆಂಪು ದೀಪ ಹತ್ತಿತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ, ಮತ್ತೆ ಬಂದ್. ಹಾಕಿಕೊಟ್ಟ ಅಂಗಡಿಗೆ ಹೋದರೆ ಮೊದಲು ಫ್ಯೂಸ್ ಬದಲಾಯಿಸಿದರು, ಆಮೇಲೆ 14 ಸಾವಿರದ ಹೊಸ ಆಂಪ್ ತೋರಿಸಿದರು.

ಭಾಯಿಜಾನ್ ಕೊಳ್ಳಲಿಲ್ಲ. ನಮ್ಮ ಗಲ್ಲಿಯಲ್ಲಿ ರೇಡಿಯೊ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ, ಅವರ ಹತ್ತಿರ ಒಂದು ಹಳೆಯ ಮಲ್ಟಿಮೀಟರ್ ಇದೆ. ವಿಜ್ಞಾನ ಓದುವ ನನ್ನ ಗೆಳೆಯನೂ ಬಂದ. ಅಳತೆ ಅವರದು, ಬರೆದುಕೊಳ್ಳುವ ಕೆಲಸ ನನ್ನದು. ಆ ಹಾಳೆಯೇ ಈ ಲೇಖನಕ್ಕೆ ಆಧಾರ.

ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯ ಮೇಲೆ 13.8 ವೋಲ್ಟ್. ಬಾಸ್ ಜೋರಾಗಿ ಹೊಡೆಯುವಾಗ ಆಂಪ್‌ನ ತುದಿಯಲ್ಲಿ 11.5 ವೋಲ್ಟ್. ನಡುವಿನ 2.3 ವೋಲ್ಟ್ ಎಲ್ಲಿ ಹೋಯಿತು? ಹುಡುಕಿದಾಗ 1.4 ವೋಲ್ಟ್ ಅರ್ಥಿಂಗ್ ಕಡೆ, 0.9 ವೋಲ್ಟ್ ಪಾಸಿಟಿವ್ ವೈರಿನಲ್ಲಿ. ಕರೆಂಟ್ 40 ಆಂಪಿಯರ್ ಎಂದು ಹಿಡಿದರೆ 2.3 × 40, ಅಂದರೆ 92 ವಾಟ್. ಹಳೆಯ ಕಾಲದ 100 ವಾಟ್ ಬಲ್ಬ್ ಒಂದನ್ನು ಉರಿಸುವಷ್ಟು ಶಕ್ತಿ ಹಾಡಾಗದೆ, ವೈರಿನಲ್ಲೂ ಸ್ಕ್ರೂ ತಲೆಯಲ್ಲೂ ಬಿಸಿಯಾಗಿ ಹೋಗುತ್ತಿತ್ತು. ಇತ್ತ ವೋಲ್ಟ್ ಕಡಿಮೆಯಾದ ಆಂಪ್ ಬೇಗ ಸೋಲುತ್ತದೆ, ಸದ್ದು ಒಡೆಯುತ್ತದೆ. ಓಡಿಸುವವರು ಸದ್ದು ಸಾಲದು ಎಂದು ಮತ್ತಷ್ಟು ತಿರುಗಿಸುತ್ತಾರೆ.

ಅರ್ಥಿಂಗ್ ವೈರನ್ನು ಬಣ್ಣ ಕೆರೆಯದೆ ಹಾಗೇ ತಗಡಿಗೆ ಸ್ಕ್ರೂ ಹಾಕಿದ್ದರು. ಬಣ್ಣದಲ್ಲಿ ಕರೆಂಟ್ ಹರಿಯುವುದಿಲ್ಲ, ಸ್ಕ್ರೂ ಕೊರೆದ ತೂತಿನ ಅಂಚಿನಲ್ಲಿ ಹೇಗೋ ನುಸುಳುತ್ತಿತ್ತು. ಪಾಸಿಟಿವ್ ವೈರಿನ ತುದಿಯ ಒಂದು ಎಳೆಯನ್ನು ಚಾಚಾ ಬ್ಲೇಡಿನಿಂದ ಕೆರೆದರು. ಮೇಲೆ ಕೆಂಪು, ಒಳಗೆ ಬೆಳ್ಳಗೆ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ! ಇಂಥ ವೈರಿನ ವಿರೋಧ ಅದೇ ದಪ್ಪದ ಶುದ್ಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು. ಜೊತೆಗೆ ರಬ್ಬರ್ ದಪ್ಪ, ಒಳಗಿನ ಲೋಹ ತೆಳು. ಕೊಳ್ಳುವ ಮುಂಚೆ ಈ ಬ್ಲೇಡ್ ಪರೀಕ್ಷೆಯನ್ನು ಯಾರಾದರೂ ಮಾಡಬಹುದು. ತವರದ ಲೇಪವಿರುವ ಒಳ್ಳೆಯ ತಾಮ್ರವೂ ಇರುತ್ತದೆ, ಅದು ಮೇಲೆ ಬೆಳ್ಳಗಿದ್ದು ಒಳಗೆ ಕೆಂಪಾಗಿರುತ್ತದೆ. ಹಾಗಾಗಿ ಒಳಗಿನ ಬಣ್ಣವನ್ನೇ ನಂಬಬೇಕು.

ನಿಜಕ್ಕೂ ಹೆದರಿಸಿದ್ದು ಬೇರೆ ಸಂಗತಿ. ಬ್ಯಾಟರಿಯ ಹತ್ತಿರ ಫ್ಯೂಸೇ ಇರಲಿಲ್ಲ. ಬಾನೆಟ್‌ನಿಂದ ಡಿಕ್ಕಿಯವರೆಗೆ ಸುಮಾರು ಐದು ಮೀಟರ್ ವೈರ್, ಕಾರ್ಪೆಟ್ ಕೆಳಗೆ, ಸೀಟಿನ ಕಬ್ಬಿಣದ ಪಕ್ಕ ಬರಿದೇ ಹರಿದಿತ್ತು. ಎಲ್ಲಾದರೂ ರಬ್ಬರ್ ಸವೆದು ಬಾಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ತಡೆಯಲು ಏನೂ ಇಲ್ಲ. ಆಂಪ್ ಮೇಲಿನ ಫ್ಯೂಸ್ ಆಂಪನ್ನು ಕಾಯುತ್ತದೆಯೇ ಹೊರತು ಆ ವೈರನ್ನಲ್ಲ. ವೈರನ್ನು ಕಾಯುವ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಸಾಲದ್ದಕ್ಕೆ ಆಂಪ್ ಮೇಲಿದ್ದ 20 ಆಂಪಿಯರ್‌ನ ಎರಡು ಫ್ಯೂಸ್ ಪದೇ ಪದೇ ಹೋಗುತ್ತವೆ ಎಂದು ಅಂಗಡಿಯಲ್ಲಿ 30ರದು ಹಾಕಿ ಕಳಿಸಿದ್ದರು. ಜ್ವರ ಬಂದಾಗ ಥರ್ಮಾಮೀಟರ್ ಒಡೆದು ಹಾಕುವ ಚಿಕಿತ್ಸೆ ಇದು. ಹಿಂದಿನ ಸೀಟಿನಲ್ಲಿ ಪರರ ಮಕ್ಕಳನ್ನು ಕೂರಿಸಿಕೊಂಡು ಓಡುವ ಕಾರು!

ಇನ್ನು ವೂಫರ್. ಅದರಲ್ಲಿ ತಲಾ 4 ಓಮ್‌ನ ಎರಡು ಕಾಯಿಲ್. ಸಮಾಂತರವಾಗಿ ಕಟ್ಟಿದರೆ 2 ಓಮ್, ಸರಣಿಯಲ್ಲಿ ಕಟ್ಟಿದರೆ 8 ಓಮ್. ಎರಡು ಚಾನೆಲ್ ಸೇರಿಸಿ ಬ್ರಿಡ್ಜ್ ಮಾಡಿದಾಗ 4 ಓಮ್‌ಗಿಂತ ಕೆಳಗೆ ಇಳಿಸಬೇಡಿ ಎಂದು ಆ ಆಂಪ್‌ನ ಮೈಮೇಲೆಯೇ ಅಚ್ಚಾಗಿದೆ. ಕಟ್ಟಿದ್ದು ಮಾತ್ರ 2 ಓಮ್‌ಗೆ. ಓಮ್ ಇಳಿದಷ್ಟೂ ಕರೆಂಟ್ ಏರುತ್ತದೆ, ಸದ್ದೂ ಏರುತ್ತದೆ. ಅಂಗಡಿ ಮುಂದೆ ಐದು ನಿಮಿಷ ಕೇಳಿಸಿದಾಗ ಗಿರಾಕಿ ಖುಷಿಯಾಗುತ್ತಾರೆ. ಒಂದು ಗಂಟೆ ಓಡಿದ ಮೇಲೆ ಬಿಲ್ಲು ಆಂಪ್ ತೀರಿಸಬೇಕು. ಆಂಪ್‌ನಿಂದ ವೈರ್ ಬಿಚ್ಚಿ ಮೀಟರ್ ಇಟ್ಟರೆ ಇದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೀಟರ್ ತೋರಿಸುವ ಅಂಕಿ ಬರೆದಿರುವುದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, 4 ಓಮ್ ಕಾಯಿಲ್ 3.5ರ ಆಸುಪಾಸು ತೋರಿಸಬಹುದು, ಅದು ದೋಷವಲ್ಲ.

ಗೇನ್ ತಿರುಪನ್ನು ಎಲ್ಲರೂ ವಾಲ್ಯೂಮ್ ಎಂದುಕೊಂಡಿದ್ದಾರೆ. ಅದು ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು ಅಷ್ಟೇ. ಪೂರ್ತಿ ತಿರುಗಿಸಿದರೆ ಅಲೆಯ ತುದಿ ಕತ್ತರಿಸಿ ಚಪ್ಪಟೆಯಾಗುತ್ತದೆ, ಆಂಪ್‌ಗೆ ಉಸಿರಾಡಲು ಬಿಡುವಿಲ್ಲ, ವೂಫರ್ ಕಾಯಿಲೂ ಸುಡುತ್ತದೆ. ಬಾಸ್ ಬೂಸ್ಟ್ ಸೊನ್ನೆಗೆ ತಂದು, ಸ್ಟೀರಿಯೊವನ್ನು ಮುಕ್ಕಾಲಿಗೆ ಇಟ್ಟು, ಸದ್ದು ಒಡೆಯುವವರೆಗೆ ಗೇನ್ ಏರಿಸಿ ಅಲ್ಲಿಂದ ಸ್ವಲ್ಪ ಹಿಂದಕ್ಕೆ ತರಬೇಕು.

ಗಾಳಿಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ದಾಟುವುದು ಸಹಜ, ಅದರಲ್ಲಿ ಆಂಪ್ ಮೇಲೆ ಬ್ಯಾಗು ಚಾದರ ಹೇರಿದರೆ ಕೇಳುವುದೇ ಬೇಡ. ಫ್ಯಾನ್ ಹಾಕುವುದು ಕೊನೆಯ ಉಪಾಯವಾಗಲಿ. ಮುಟ್ಟಿದರೆ ಬಿಸಿ ಇದೆ ಎಂದ ಮಾತ್ರಕ್ಕೆ ಗಾಬರಿಯೂ ಬೇಡ. ಎಬಿ ಮಾದರಿಯ ಆಂಪ್ ಎಳೆದುಕೊಂಡ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಬಿಸಿಯಾಗಿಯೇ ಬಿಡುತ್ತದೆ. ಡಿ ಮಾದರಿಯದು ಐದನೇ ಒಂದು ಭಾಗದಷ್ಟು. ತಾನೇ ಬಂದ್ ಆಗುತ್ತಿದ್ದರೆ, ವಾಸನೆ ಬಂದರೆ, ವೈರ್ ಕೈಗೆ ಬಿಸಿ ಅನ್ನಿಸಿದರೆ ಮಾತ್ರ ತಕ್ಷಣ ನಿಲ್ಲಿಸಬೇಕು.

ಈಗ ನನ್ನ ವಿಭಾಗದ ಮಾತು. ಆ ಆಂಪ್ ಡಬ್ಬಿಯ ಮೇಲೆ ದೊಡ್ಡದಾಗಿ 3000 ವಾಟ್ ಎಂದಿದೆ. ಅದರ ಮೈಮೇಲಿನ ಫ್ಯೂಸ್ ಎರಡು ಇಪ್ಪತ್ತು, ಒಟ್ಟು 40 ಆಂಪಿಯರ್. ಜಮಾ ಕಡೆ 13.8 × 40 = 552 ವಾಟ್. ಅದರಲ್ಲಿ ಅರ್ಧದಷ್ಟು ಬಿಸಿಗೆ ಹೋದರೆ ವೂಫರ್‌ಗೆ ಸಿಗುವುದು 300ರ ಒಳಗೆ. ಒಂದಿಷ್ಟೂ ನಷ್ಟವಿಲ್ಲದೆ 3000 ವಾಟ್ ಕೊಡಬೇಕಾದರೂ 217 ಆಂಪಿಯರ್ ಬೇಕು. ಜಮಾಕ್ಕಿಂತ ಐದು ಪಟ್ಟು ಖರ್ಚು ತೋರಿಸುವ ಲೆಕ್ಕಪುಸ್ತಕವನ್ನು ನಮ್ಮ ಅಕೌಂಟೆನ್ಸಿ ಸರ್ ಮುಂದೆ ಇಟ್ಟರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗೆಂದು ಎಲ್ಲ ತಯಾರಕರೂ ಸುಳ್ಳು ಬರೆಯುವುದಿಲ್ಲ. ಅಮೆರಿಕದ ಸಿಇಎ-2006 ಮಾನದಂಡದ ಪ್ರಕಾರ 14.4 ವೋಲ್ಟ್, 4 ಓಮ್, ಶೇಕಡಾ 1ರೊಳಗಿನ ವಿರೂಪದಲ್ಲಿ ಅಳೆದ ವಾಟ್ ಬರೆಯುವವರೂ ಇದ್ದಾರೆ. ಡಬ್ಬಿಯಲ್ಲಿ 'ಮ್ಯಾಕ್ಸ್' ಎಂಬುದನ್ನು ಬಿಟ್ಟು 'ಆರ್‌ಎಂಎಸ್' ಎಂಬುದನ್ನು ಓದಬೇಕು, ಆಮೇಲೆ ಫ್ಯೂಸ್ ನೋಡಿ ತಾಳೆ ಹಾಕಬೇಕು.

ಅಂಗಡಿಯವರನ್ನೇ ದೂರುವುದೂ ನ್ಯಾಯವಲ್ಲ. ಗಿರಾಕಿಗೆ ವೈರ್ ಕಾಣುವುದಿಲ್ಲ, ವಾಟ್ ಕಾಣುತ್ತದೆ. ಪಕ್ಕದ ಅಂಗಡಿಗಿಂತ ಐನೂರು ಕಡಿಮೆ ಮಾಡಿ ಎಂದು ಹಠ ಹಿಡಿದರೆ ಆ ಐನೂರು ಕಡಿತವಾಗುವುದು ಕಾರ್ಪೆಟ್ ಕೆಳಗೇ. ಜೋಡಿಸುವ ಹುಡುಗರು ನಮ್ಮ ವಯಸ್ಸಿನವರು, ನೋಡಿ ನೋಡಿ ಕಲಿತವರು. ಅವರಿಗೆ ಯಾರೂ ಮೀಟರ್ ಹಿಡಿಯಲು ಕಲಿಸಿಲ್ಲ. ಆದರೆ ಬಿಲ್ ಕೊಡದಿರುವುದಕ್ಕೆ ಇದು ನೆಪವಾಗಬಾರದು.

ಬಿಲ್ ಯಾಕೆ ಬೇಕು ಎಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಾವು ದ್ವಿತೀಯ ಪಿಯುಸಿಯಲ್ಲಿ ಪರೀಕ್ಷೆಗಾಗಿ ಮಾತ್ರ ಓದುವ ಪಾಠವಲ್ಲ. ವ್ಯಾಪಾರಕ್ಕಾಗಿ ಕೊಂಡವರು ಗ್ರಾಹಕರಲ್ಲ ಎಂದು ಅದು ಹೇಳಿದರೂ, ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲು ಕೊಂಡವರನ್ನು ಹೊರಗಿಡುವುದಿಲ್ಲ. ತನ್ನ ಕಾರನ್ನು ತಾನೇ ಓಡಿಸುವ ಚಾಲಕನಿಗೂ ಹಕ್ಕಿದೆ. ದೂರು ಕೊಡಲು ಎರಡು ವರ್ಷ ಅವಕಾಶವಿದೆ, 5 ಲಕ್ಷದವರೆಗಿನ ಖರೀದಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ, ಸಲಹೆಗೆ 1915 ಸಹಾಯವಾಣಿ ಇದೆ. ವಿಮೆಯದ್ದೂ ಹಾಗೆಯೇ. ಕಾರಿನ ಜೊತೆ ಬರದ, ನಾವೇ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನಿಗೆ ರಕ್ಷಣೆ ಬೇಕಾದರೆ ಅದರ ಬೆಲೆಯನ್ನು ಬೇರೆಯಾಗಿ ತೋರಿಸಿ ಪ್ರೀಮಿಯಂ ಕಟ್ಟಬೇಕು. ಬಿಲ್ ಇಲ್ಲದಿದ್ದರೆ ತೋರಿಸುವುದು ಏನನ್ನು?

ಭಾಯಿಜಾನ್ ಕಾರಿಗೆ ಶುದ್ಧ ತಾಮ್ರದ 4 ಗೇಜ್ ವೈರ್ ಎಳೆದೆವು, ಬ್ಯಾಟರಿ ಪಕ್ಕ ಫ್ಯೂಸ್ ಬಂತು, ಬಣ್ಣ ಕೆರೆದು ಲಗ್ ಬಿಗಿದದ್ದಾಯಿತು, ಆಂಪ್‌ಗೆ ಅದರ 20ರ ಫ್ಯೂಸ್‌ಗಳು ಮರಳಿ ಬಂದವು, ಕಾಯಿಲ್‌ಗಳನ್ನು ಸರಣಿಯಲ್ಲಿ 8 ಓಮ್‌ಗೆ ಕಟ್ಟಲಾಯಿತು. ಚಾಚಾರ ಕೂಲಿ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಸದ್ದು ಮೊದಲಿಗಿಂತ ಕಡಿಮೆ. ಮೊದಲ ದಿನ ಭಾಯಿಜಾನ್ ಮುಖ ಸಿಂಡರಿಸಿದರು, ಸುಳ್ಳು ಹೇಳುವುದಿಲ್ಲ. ಆದರೆ ಎರಡು ಗಂಟೆ ಓಡಿದ ಮೇಲೂ ಆಂಪ್ ಮೇಲೆ ಕೈ ಇಡಬಹುದು, ಕೆಂಪು ದೀಪ ಹತ್ತಿಲ್ಲ. ಸದ್ದು ಕಡಿಮೆಯಾದದ್ದು ನೆರೆಹೊರೆಗೂ ಒಳ್ಳೆಯದೇ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು ಎಂದು 2000ದ ಶಬ್ದ ಮಾಲಿನ್ಯ ನಿಯಮಗಳಲ್ಲೇ ಇದೆ. ನಮ್ಮ ಕಾಲೇಜಿನ ಗೇಟಿನ ಮುಂದೆ ಗಾಜು ನಡುಗಿಸುತ್ತಾ ಹೋಗುವವರು ಇದನ್ನು ಓದಲಿ.

ಪ್ರಾಂಶುಪಾಲರಿಗೂ ಭೌತಶಾಸ್ತ್ರದ ಅಧ್ಯಾಪಕರಿಗೂ ಒಂದು ವಿನಂತಿ ಇದೆ. ಪರೀಕ್ಷೆಗಳು ಮುಗಿದ ಮೇಲೆ ಒಂದು ಶನಿವಾರ, ಜೊಹರ್ ನಮಾಜ್ ಆದ ನಂತರ, ಲ್ಯಾಬಿನ ಎರಡು ಮಲ್ಟಿಮೀಟರ್‌ಗಳನ್ನು ಕಾಲೇಜು ಅಂಗಳಕ್ಕೆ ತರಲು ಅನುಮತಿ ಕೊಡಿ. ಹತ್ತಿರದ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗರನ್ನೂ ಕರೆಯೋಣ. ವಿಜ್ಞಾನದವರು ಅಳೆಯಲಿ, ನಾವು ಲೆಕ್ಕ ಬರೆಯುತ್ತೇವೆ. ಮೊದಲ ಕಾರು ಯಾವುದು ಎಂಬ ಚಿಂತೆ ಬೇಡ, ಸಿಬ್ಬಂದಿ ನಿಲುಗಡೆಯಲ್ಲಿ ಡಿಕ್ಕಿ ತುಂಬ ವೂಫರ್ ಇರುವ ಒಂದು ಕಾರು ಇದೆ. ಯಾರದು ಎಂದು ಬರೆಯುವುದಿಲ್ಲ.