ದೊಡ್ಡಾಟದ ಅಟ್ಟದ ಮೇಲೆ ಊರಿನವರು ಯಾರು?

ಕುಷ್ಟಗಿ, ಯಲಬುರ್ಗಾ ಕಡೆ ದೊಡ್ಡಾಟ ಅಂದ್ರೆ ಒಂದು ರಾತ್ರಿಯ ಮಾತಲ್ಲ. ಮಾಸ್ತರನ್ನು ಗೊತ್ತು ಮಾಡಬೇಕು, ತಿಂಗಳುಗಟ್ಟಲೆ ತಾಲೀಮು ನಡೀಬೇಕು. ಹಗಲು ಹೊಲಕ್ಕೆ ಹೋದವರು, ಟ್ರ್ಯಾಕ್ಟರ್ ಓಡಿಸಿದವರು, ಗುಳೆ ಹೋಗಿ ಮರಳಿದವರು ರಾತ್ರಿ ಗುಡಿ ಮುಂದೆ ಹೆಜ್ಜೆ ಕಲಿಯುತ್ತಾರೆ. ಮದ್ದಲೆಯ ಪೆಟ್ಟಿಗೆ ಕಾಲು ತಪ್ಪಿತೋ, ಮತ್ತೆ ಮೊದಲಿಂದ. ಕಿರೀಟ, ಭುಜಕೀರ್ತಿ ಹೊತ್ತು ಅಟ್ಟ ನಡುಗುವಂತೆ ಕುಣಿಯುವ ಭೀಮ ನಮ್ಮ ಪಕ್ಕದ ಮನೆಯವನೇ.

ಅವನೆದುರು ಕುಣಿಯುವ ದ್ರೌಪದಿ ಮಾತ್ರ ಬೇರೆ ಊರಿನಾಕೆ. ಹಿಂದೆ ಸ್ತ್ರೀವೇಷವನ್ನೂ ಗಂಡಸರೇ ಹಾಕುತ್ತಿದ್ದರು. ಈಗ ಹಲವು ಕಡೆ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಸೀಸನ್‌ನಲ್ಲಿ ಇವತ್ತು ಇಲ್ಲಿ, ನಾಳೆ ಇನ್ನೊಂದೂರು. ಊರವರ ಜತೆ ತಾಲೀಮಿಗೆ ಆಕೆಗೆ ಸಿಗೋದು ಸ್ವಲ್ಪ ಹೊತ್ತು. ಭೀಮ ಮಾತು ಮರೆತರೆ ಆಕೆಯೇ ಇನ್ನೊಂದು ಸುತ್ತು ಕುಣಿದು, ಹಿಮ್ಮೇಳಕ್ಕೆ ಕಣ್ಣಲ್ಲೇ ಸೂಚನೆ ಕೊಟ್ಟು ಆಟ ದಾಟಿಸಬೇಕು. ಜನಕ್ಕೆ ಗೊತ್ತೇ ಆಗೋದಿಲ್ಲ.

ಹವ್ಯಾಸಿ ಪಾತ್ರಕ್ಕೆ ಇಷ್ಟು ಅಂತ ಪಟ್ಟಿ ಕೊಟ್ಟು ಕುಣಿಯುತ್ತಾನೆ. ಆಕೆ ಸಂಭಾವನೆ ಪಡೆದು ಕುಣಿಯುತ್ತಾಳೆ. ಗೌರವದ ಲೆಕ್ಕ ಇಲ್ಲಿಂದಲೇ ಶುರು. ಬೀಗರು ಬಂದು ಅವನಿಗೆ ಅಟ್ಟದ ಮೇಲೆ ಆಯೇರಿ ಮಾಡುತ್ತಾರೆ, ಆಕೆಗೆ ಸಿಗೋದು ಸಿಳ್ಳೆ. ಈ ಕಲಾವಿದೆಯರಲ್ಲಿ ದಲಿತ ಮನೆಗಳವರು, ದೇವದಾಸಿ ಪದ್ಧತಿಯ ಗಾಯ ಹೊತ್ತ ಕುಟುಂಬಗಳವರು ಇದ್ದಾರೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕ ಕಾನೂನು ತಂದದ್ದು 1982ರಲ್ಲಿ. ನೋಡುವ ಕಣ್ಣಿಗೆ ಯಾವ ಕಾನೂನೂ ತಾಗಿಲ್ಲ.

ಬ್ರಿಟನ್‌ನಂಥ ಕಡೆ 'ಸಮುದಾಯ ನೃತ್ಯ' ಅಂತ ಕರೆಯುವುದು ಇದನ್ನೇ, ಆದರೆ ತಿರುವುಮುರುವು. ಅಲ್ಲಿ ಸಾರ್ವಜನಿಕ ಹಣದಲ್ಲಿ ವೃತ್ತಿಪರರು ಬಡಾವಣೆಗೆ ಹೋಗಿ ಜನರನ್ನು ಕುಣಿಸುತ್ತಾರೆ. ಇಲ್ಲಿ ಸರ್ಕಾರ ಕೈ ಹಾಕುವ ಮೊದಲೇ ಊರು ತನ್ನ ಕಿಸೆಯಿಂದ ವೃತ್ತಿಪರರನ್ನು ಕರೆಸಿ ಕುಣಿದಿದೆ. ಇದು ಹೆಮ್ಮೆಯ ಮಾತೇ. ಆದರೆ ಆ 'ಸಮುದಾಯ'ದೊಳಗೆ ಆಕೆ ಇದ್ದಾಳಾ?

ಊರಿನ ಹೆಣ್ಣುಮಕ್ಕಳೂ ಇಲ್ಲ. ಶಾಲೆಯ ಗ್ಯಾದರಿಂಗ್‌ನಲ್ಲಿ ಚಪ್ಪಾಳೆ ಗಿಟ್ಟಿಸಿದ ಹುಡುಗಿ ದೊಡ್ಡವಳಾದ ಮೇಲೆ ಅಟ್ಟದ ಮುಂದೆ ಚಾಪೆ ಹಾಸಿ ಕೂರುತ್ತಾಳೆ. 'ನಮ್ಮ ಮನಿ ಹುಡುಗಿ ಕುಣಿಯೋದಾ?' ಅನ್ನುವ ಬಾಯಿಯೇ ಇನ್ನೊಬ್ಬರ ಮನೆಯ ಹುಡುಗಿಗೆ ಅಡ್ವಾನ್ಸ್ ಕೊಟ್ಟು ಬರುತ್ತದೆ. ಕಲೆ ಉಳಿಸಿ ಅನ್ನುವ ಭಾಷಣಗಳಲ್ಲಿ ಈ ಸಾಲು ನಾನಂತೂ ಕೇಳಿಲ್ಲ.

ಸರ್ಕಾರದ ಕಡೆ ನೋಡಿದರೆ, 2025ರಲ್ಲಿ ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು, ಜಿಲ್ಲೆಯೇ ಸಂಭ್ರಮಿಸಿತು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಕಲಾವಿದರ ಮಾಸಾಶನಕ್ಕೂ ಸಾಮಾನ್ಯವಾಗಿ 58 ತುಂಬಬೇಕು. ರಾತ್ರಿಯಿಡೀ ಗೆಜ್ಜೆ ಕಟ್ಟಿ ಕುಣಿಯುವ ಮೊಣಕಾಲು ಅಲ್ಲಿವರೆಗೆ ಕಾಯುತ್ತಾ? ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ. ಉತ್ಸವ, ಪ್ರಶಸ್ತಿಗಳ ಜತೆಗೆ ಆಟದ ದಿನಕ್ಕೊಂದು ಲಿಖಿತ ಕರಾರು, ರಾತ್ರಿ ಪ್ರಯಾಣಕ್ಕೊಂದು ವಿಮೆ, ಊರ ಹುಡುಗಿಯರಿಗೆ ಈ ಕಲಾವಿದೆಯರಿಂದಲೇ ಸಂಬಳ ಕೊಟ್ಟು ತಾಲೀಮು ಕೊಡಿಸುವುದು ಅದರ ಕೈಗೆ ಮೀರಿದ ಕೆಲಸವೇನಲ್ಲ.

ಅದಕ್ಕೂ ಮೊದಲು, ಈ ಸಲ ನಿಮ್ಮೂರಾಗ ಆಟ ಇದ್ದರೆ ಕಮಿಟಿಯವರನ್ನು ಮೂರು ವಿಷಯ ಕೇಳಿ ನೋಡಿ. ಹ್ಯಾಂಡ್‌ಬಿಲ್‌ನಲ್ಲಿ ಆಕೆಯ ಪೂರ್ತಿ ಹೆಸರು ಐತೇನು? ಬಣ್ಣ ಹಚ್ಚೋಕೆ, ಬಟ್ಟೆ ಬದಲಿಸೋಕೆ ಬಾಗಿಲಿರೋ ಕೋಣೆ ಐತೇನು? ಬೆಳಗಿನ ಜಾವ ಆಟ ಮುಗಿದ ಮೇಲೆ ಆಕೆ ಊರಿಗೆ ಹೋಗೋದು ಹೆಂಗೆ?